ಕಡ ತಂದ ಧೈರ್ಯ

ಇವತ್ತು ಬೆಳಿಗ್ಗೆ ಚಪ್ಪಲಿ ಕಾಲಿಗೆ ಹತ್ತಲಿಲ್ಲ. ಚಪ್ಪಲಿಯ ತಪ್ಪೇನೂ ಇಲ್ಲ. ನಿನ್ನೆ ಸಂಜೆ ಇದನ್ನೇ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದಿದ್ದೆ. ಬೆಳಗಾಗುವುದರೊಳಗೆ ಕಾಲು ಊದಿಕೊಂಡಿತ್ತು. ಜಗಲಿಯ ಮೇಲೆ ಕೂತು ಹೆಬ್ಬೆರಳಿನಿಂದ ಕಣಕಾಲಿನ ಮೇಲೆ ಒತ್ತಿದೆ. ಗುಳಿ ಬಿತ್ತು. ಬೆರಳು ತೆಗೆದ ಮೇಲೂ ಹಾಗೇ ಇದ್ದು, ಆಮೇಲೆ ಸರ್ಕಾರಿ ಕಚೇರಿಯಲ್ಲಿ ಕಡತ ಮೇಲಕ್ಕೆ ಹೋಗುವಷ್ಟು ನಿಧಾನವಾಗಿ ಮೇಲೆದ್ದಿತು. ನಮ್ಮ ಮನೆಯಲ್ಲಿ ಇದು ದಿನದ ಮೊದಲ ಕೆಲಸ. ಬೇರೆ ಮನೆಗಳಲ್ಲಿ ಹೆಂಡತಿ ಗಂಡನ ಮುಖ ನೋಡಿ ಇವತ್ತು ಹೇಗಿದ್ದಾನೆ ಎಂದು ತಿಳಿಯುತ್ತಾಳೆ. ನನ್ನ ಹೆಂಡತಿ ಲಕ್ಷ್ಮಮ್ಮ ಪಾದ ನೋಡಿ ತಿಳಿಯುತ್ತಾಳೆ. ಮುಖ ನೋಡುವುದನ್ನು ಅವಳು ಬಿಟ್ಟು ಬಹಳ ದಿನವಾಯಿತು. ಅದರಲ್ಲಿ ನಿಜ ಸಿಕ್ಕುವುದಿಲ್ಲ ಎನ್ನುತ್ತಾಳೆ.

ನನ್ನ ಎದೆಯೊಳಗೆ, ಎಡಗಡೆ ಹೆಗಲ ಮೂಳೆಯ ಕೆಳಗೆ, ಒಂದು ಯಂತ್ರವಿದೆ. ಹೃದಯ ಬಡಿಯುವುದನ್ನು ಮರೆತಾಗ ಅದು ನೆನಪಿಸುತ್ತದೆ. ಹೋದ ವಾರ ಬೆಂಗಳೂರಿಗೆ ತೋರಿಸಲು ಹೋಗಿದ್ದಾಗ ಡಾಕ್ಟರು, ಅದರ ಬ್ಯಾಟರಿ ಮುಗಿಯುತ್ತಾ ಬಂದಿದೆ, ಇನ್ನೊಂದು ಆಪರೇಷನ್ ಮಾಡಿ ಹೊಸದು ಹಾಕಬೇಕು, ಆದರೆ ಈಗ ಹೃದಯ ಮೊದಲಿನಷ್ಟು ಗಟ್ಟಿಯಾಗಿಲ್ಲ, ಮನೆಯಲ್ಲಿ ಕೂತು ಯೋಚನೆ ಮಾಡಿ ಹೇಳಿ ಎಂದರು. ನಾನು ಮನೆಯವರೆಗೆ ಕಾಯಲಿಲ್ಲ. ತುಮಕೂರು ದಾಟುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ಮಧುಗಿರಿಯಲ್ಲಿ ಇಳಿಯುವಷ್ಟರಲ್ಲಿ ಅದಕ್ಕೊಂದು ಭಾಷಣವೂ ಸಿದ್ಧವಾಗಿತ್ತು. ಬೇಡ. ಇಷ್ಟು ದಿನ ಇದ್ದದ್ದೇ ಸಾಕು. ಇನ್ನು ಮೈ ಕೊಯ್ಸಿಕೊಳ್ಳುವುದಿಲ್ಲ.

ನಿವೃತ್ತನಾದ ಮೇಲೂ ನಾನು ಕೋರ್ಟಿನ ಜಗಲಿಗೆ ಹೋಗಿ ಕೂರುವವನು. ಅಲ್ಲಿ ಈ ಭಾಷಣ ಚೆನ್ನಾಗಿ ಓಡಿತು. ವಕೀಲರು ಕೈಲಿದ್ದ ಕಾಫಿ ಲೋಟ ಕೆಳಗಿಟ್ಟು ಕೇಳಿದರು. ಒಬ್ಬರಂತೂ, ‘ಸಾವನ್ನ ಹಿಂಗೆ ನೋಡೋರು ಎಷ್ಟು ಜನ ಇದಾರೆ ಸಾರ್’ ಎಂದು ನನ್ನ ಕೈ ಹಿಡಿದುಕೊಂಡರು. ನನಗೆ ಬಹಳ ಸಂತೋಷವಾಯಿತು. ಆದರೆ ಆ ಧೈರ್ಯ ನನ್ನದಾಗಿರಲಿಲ್ಲ. ಯಾರದು ಎಂದು ಹೇಳಬೇಕಾದರೆ ನಾನು ಮೊದಲ ಸಲ ಬಿದ್ದಲ್ಲಿಂದ ಶುರುಮಾಡಬೇಕು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಮಧುಗಿರಿಯ ಕೋರ್ಟಿನಲ್ಲಿ ಬೆಂಚ್ ಕ್ಲರ್ಕು. ನ್ಯಾಯಾಧೀಶರ ಮುಂದೆ ಕೂತು, ಕಡತ ಎತ್ತಿಕೊಟ್ಟು, ಮುಂದಿನ ವಾಯಿದೆ ಬರೆದುಕೊಳ್ಳುವುದು ನನ್ನ ಕೆಲಸ. ಆ ದಿನ ಚನ್ನರಾಯನದುರ್ಗದ ಕಡೆಯ ಒಬ್ಬ ಕುರಿ ಕಾಯುವ ಮುದುಕನ ಜಮೀನಿನ ಕೇಸು ಬಹಳ ವಾಯಿದೆಗಳ ನಂತರ ಕೊನೆಗೂ ವಿಚಾರಣೆಗೆ ಬಂದಿತ್ತು. ನಾನು ಕಡತ ಎತ್ತಲು ಎದ್ದೆ. ಎದ್ದದ್ದು ಮಾತ್ರ ಜ್ಞಾಪಕ. ಆಮೇಲೆ ಕಣ್ಣು ಬಿಟ್ಟಾಗ ಟೇಬಲ್ಲಿನ ಕೆಳಗಿದ್ದೆ. ನ್ಯಾಯಾಧೀಶರು ಪೀಠದ ಮೇಲಿಂದ ಬಗ್ಗಿ ನನ್ನನ್ನು ನೋಡುತ್ತಿದ್ದರು. ಅಂದಿನ ಕಲಾಪವೆಲ್ಲ ಮುಂದಕ್ಕೆ ಹೋಯಿತು. ಸಂಜೆ ಆ ಮುದುಕ ಮನೆಗೇ ಬಂದ. ನನ್ನ ಕ್ಷೇಮ ವಿಚಾರಿಸಲು ಬಂದನೆಂದು ಲಕ್ಷ್ಮಮ್ಮನಿಗೆ ಕಣ್ಣಲ್ಲಿ ನೀರು ಬಂತು.

‘ಏನ್ ಸಾಮಿ, ಸರ್ಯಾಗಿ ನನ್ ಕೇಸು ಕೂಗೋ ಹೊತ್ಗೇ ಬಿದ್ದೋದ್ರಲ್ಲಾ! ಮುಂದ್ಲ ವಾಯ್ದೆ ಅಷ್ಟೊತ್ಗೆ ಉಸಾರಾಗ್ಬುಡಿ. ಇನ್ನೊಂದ್ ಕಿತ ಇಂಗಾದ್ರೆ ನಾನ್ ತಡ್ಕಣಲ್ಲ’ ಎಂದು ಹೇಳಿ, ಒಂದು ಪಡಿ ಅವರೆಕಾಯಿ ಇಟ್ಟು ಹೋದ.

ನಮ್ಮೂರಿನ ಡಾಕ್ಟರು ನಾಡಿ ಹಿಡಿದು ಕೂತರು. ಒಂದು ಬಡಿತ ಆದಮೇಲೆ ಇನ್ನೊಂದಕ್ಕೆ ಕಾದು ಕಾದು, ನಾನಿದ್ದೇನೋ ಇಲ್ಲವೋ ಎಂದು ಖಚಿತ ಮಾಡಿಕೊಳ್ಳಲು ಮುಖ ನೋಡಿದರು. ಬೆಂಗಳೂರಿಗೆ ಕಳಿಸಿದರು. ಅಲ್ಲಿ ಯಂತ್ರ ಕೂರಿಸಬೇಕೆಂದರು.

ಆ ಆಪರೇಷನ್ನಿಗೆ ಪೂರ್ತಿ ನಿದ್ದೆ ಬರಿಸುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ಎದೆಯನ್ನು ಮರಗಟ್ಟಿಸಿದರು, ಕಿವಿಯನ್ನು ಮರಗಟ್ಟಿಸಲಿಲ್ಲ. ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದ್ದರು. ನಾನು ಅದರ ಕೆಳಗೆ ಗೊತ್ತಿದ್ದ ದೇವರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ಮಲಗಿದ್ದೆ. ಮೇಲೆ ಒಬ್ಬ ಡಾಕ್ಟರು ಇನ್ನೊಬ್ಬರನ್ನು, ‘ಏನಾಯ್ತು, ಸಿಕ್ತಾ?’ ಎಂದು ಕೇಳಿದರು. ‘ಎಲ್ಲಿ? ಇನ್ನೂ ಕೊರೀತಾನೇ ಇದಾರೆ, ಬರೀ ಬಂಡೆ’ ಎಂದು ಉತ್ತರ ಬಂತು. ನನ್ನ ಎದೆಯ ವಿಚಾರವೇ ಇರಬೇಕೆಂದುಕೊಂಡೆ. ‘ಸ್ವಾಮಿ, ಸಿಗದಿದ್ದರೆ ಬಿಟ್ಟುಬಿಡಿ’ ಎಂದು ಕೂಗಿದೆ. ಅವರು ಮಾತಾಡುತ್ತಿದ್ದದ್ದು ಹೊಸ ಸೈಟಿನಲ್ಲಿ ಕೊರೆಸುತ್ತಿದ್ದ ಬೋರ್‌ವೆಲ್ಲಿನ ವಿಷಯ. ಇದನ್ನು ಈಗ ನಗುತ್ತಾ ಹೇಳುತ್ತೇನೆ. ಆದರೆ ಆ ಬಟ್ಟೆಯ ಕೆಳಗೆ ಕಳೆದ ಹೊತ್ತು ಎಷ್ಟೋ ಸಲ ಊಟ ಮಾಡುತ್ತಿರುವಾಗ, ಬಸ್ಸಿನಲ್ಲಿ ಕೂತಿರುವಾಗ, ಹೇಳದೆ ಕೇಳದೆ ಬಂದು ಹೋಗುತ್ತದೆ.

ಯಂತ್ರ ಹಾಕಿಸಿಕೊಂಡು ಬಂದ ಮೇಲೆ ಮಧುಗಿರಿಯಲ್ಲಿ ನನ್ನ ಬೆಲೆ ಏರಿತು. ನೋಡಲು ಜನ ಬಂದರು. ಹಾಲು ಹಾಕುತ್ತಿದ್ದ ಗೊಲ್ಲರ ಹಟ್ಟಿಯ ಗಂಗಮ್ಮ ಅನುಮತಿ ಕೇಳುವ ಗೋಜಿಗೆ ಹೋಗದೆ ನನ್ನ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿ, ‘ಗಡಿಯಾರದಂಗೆ ಟಿಕ್ಕು ಟಿಕ್ಕು ಅನ್ನಾಕಿಲ್ವಲ್ಲ! ಇವ್ರಿಗೆ ಯಾರೋ ಮೋಸ ಮಾಡವ್ರೆ ಕಣಮ್ಮ’ ಎಂದು ಲಕ್ಷ್ಮಮ್ಮನಿಗೆ ತೀರ್ಪು ಹೇಳಿದಳು. ಯಂತ್ರ ಕೆಟ್ಟೀತೆಂದು ಲಕ್ಷ್ಮಮ್ಮ ನನ್ನ ಹತ್ತಿರ ರೇಡಿಯೋ ಬರಗೊಡಲಿಲ್ಲ. ಕ್ರಿಕೆಟ್ ಕಾಮೆಂಟರಿಯನ್ನು ನಾನು ಅಂಗಳದಲ್ಲಿ ನಿಂತು, ಒಳಗಿನ ರೇಡಿಯೋಗೆ ಕಿವಿ ಚಾಚಿ ಕೇಳಬೇಕಾಯಿತು.

ಖಾದರ್ ಸಾಹೇಬರು ಪರಿಚಯವಾದದ್ದು ಬೆಂಗಳೂರಿನ ಆಸ್ಪತ್ರೆಯ ಬೆಂಚಿನ ಮೇಲೆ, ಯಂತ್ರ ತೋರಿಸಲು ಹೋಗಿದ್ದಾಗ. ಶಿರಾದವರು, ಕಡಲೆಕಾಯಿ ಮಂಡಿ ಇಟ್ಟವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಬಿಳಿ ಗಡ್ಡ, ತಲೆಗೆ ಕಸೂತಿಯ ಟೋಪಿ. ನನ್ನ ಪಕ್ಕ ಕೂತವರೇ, ‘ನಿಮ್ದು ಹಾಕಿ ಎಷ್ಟು ವರ್ಷ ಆಯ್ತು?’ ಎಂದರು. ಎತ್ತಿನ ಹಲ್ಲು ನೋಡುವಂಥ ಧಾಟಿ. ಹೇಳಿದೆ. ‘ಹೊಸದು. ನಂದು ನಿಮಗಿಂತ ಹಳೇ ಮಾಡಲ್’ ಎಂದು ಅಂಗಿಯ ಗುಂಡಿ ಬಿಚ್ಚಿ ಚರ್ಮದ ಕೆಳಗೆ ಉಬ್ಬಿದ್ದ ತಮ್ಮ ಡಬ್ಬಿಯನ್ನು ತೋರಿಸಿದರು. ನಾನೂ ಬಿಚ್ಚಿ ತೋರಿಸಿದೆ. ಅಕ್ಕಪಕ್ಕದವರು ಬೇರೆ ಬೆಂಚಿಗೆ ಹೋದರು. ಅಂದಿನಿಂದ ನಾವು ಸ್ನೇಹಿತರು. ಅವರು ನನ್ನನ್ನು ‘ಕೋರ್ಟ್ ಸಾಬ್’ ಎಂದು ಕರೆಯುತ್ತಿದ್ದರು.

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷಕ್ಕೆ ಇಬ್ಬರಿಗೂ ಏದುಸಿರು ಬಂತು, ಕಾಲು ಊದಿತು. ನನಗೆ ಡಾಕ್ಟರು, ‘ಇದಕ್ಕೆ ಹಾರ್ಟ್ ಫೇಲ್ಯೂರ್ ಅಂತೀವಿ’ ಎಂದಾಗ ನಾನು ಅಂಗಿ ಹಾಕಿಕೊಳ್ಳುತ್ತಿದ್ದೆ. ಗುಂಡಿಯ ಮೇಲಿನ ಕೈ ಅಲ್ಲೇ ನಿಂತಿತು. ನಮ್ಮ ಕಡೆ ಹಾರ್ಟ್ ಫೇಲ್ ಎನ್ನುವುದು ಸತ್ತವರ ಮನೆಯ ಮುಂದೆ ಹೇಳುವ ಮಾತು. ಹೃದಯ ನಿಂತಿಲ್ಲ, ಸುಸ್ತಾಗಿದೆ, ರಕ್ತವನ್ನು ಸರಿಯಾಗಿ ತಳ್ಳುತ್ತಿಲ್ಲ, ಅದಕ್ಕೇ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದು ಅವರು ಬಿಡಿಸಿ ಹೇಳಿದ ಮೇಲೆ ಗುಂಡಿ ಹಾಕಿಕೊಂಡೆ. ಆದರೆ ಮಧುಗಿರಿಗೆ ಯಾರು ಬಿಡಿಸಿ ಹೇಳಬೇಕು? ‘ಹಾರ್ಟ್ ಫೇಲಾದ್ಮೇಲೂ ಕಾಪಿ ಕುಡೀತಾವ್ರೆ ನೋಡ್ಲಾ’ ಎಂದು ಹೋಟೆಲಿನಲ್ಲಿ ಒಬ್ಬ ಇನ್ನೊಬ್ಬನಿಗೆ ನನ್ನನ್ನು ತೋರಿಸಿದ.

ಉಪ್ಪು ಹೋಯಿತು. ಮುದ್ದೆ ಇತ್ತು, ಬಸ್ಸಾರು ಇತ್ತು, ಹುಚ್ಚೆಳ್ಳು ಚಟ್ನಿ ಇತ್ತು, ಯಾವುದರಲ್ಲೂ ಉಪ್ಪಿರಲಿಲ್ಲ. ನೀರೂ ಅಳತೆಯ ಮೇಲೆ. ಒಳಗಿದ್ದ ನೀರನ್ನು ಹೊರಗೆ ಕಳಿಸಲು ಮಾತ್ರೆ. ಆ ಮಾತ್ರೆ ನುಂಗಿ ಶಿರಾ ಬಸ್ಸು ಹತ್ತುವುದು ಎಂಥ ಸಾಹಸವೆಂದು ನುಂಗಿದವರಿಗೇ ಗೊತ್ತು. ಕಂಡಕ್ಟರು ಮೊದಮೊದಲು ಗೊಣಗುತ್ತಿದ್ದ. ಆಮೇಲಾಮೇಲೆ ನಾನು ಕೈ ಎತ್ತುವ ಮೊದಲೇ ಸೀಟಿ ಊದಿ, ‘ಓದ್ ಕಿತ ನಿಲ್ಸಿದ್ ಮರದತ್ರಾನಾ ಸಾರ್, ಬ್ಯಾರೆ ಮರನಾ?’ ಎಂದು ಇಡೀ ಬಸ್ಸಿಗೆ ಕೇಳುವಂತೆ ವಿಚಾರಿಸುತ್ತಿದ್ದ. ಆದರೂ ಹೋಗುತ್ತಿದ್ದೆ. ಖಾದರ್ ಸಾಹೇಬರ ಮಂಡಿಯಲ್ಲಿ ಹುರಿದ ಕಡಲೆಕಾಯಿಯ ವಾಸನೆಯ ನಡುವೆ ಕೂತು, ತಿನ್ನಬಾರದ ಪದಾರ್ಥಗಳ ಬಗ್ಗೆ ಇಬ್ಬರೂ ಮನಸಾರೆ ಮಾತಾಡುತ್ತಿದ್ದೆವು. ಅವರು ನಿಂಬೆಕಾಯಿ ಉಪ್ಪಿನಕಾಯಿಯನ್ನು ವರ್ಣಿಸಲು ಶುರುಮಾಡಿದರೆ ನನಗೆ ಬಾಯಲ್ಲಿ ನೀರೂರಿ, ಅದೂ ಅಳತೆಗೆ ಸೇರುತ್ತದೋ ಏನೋ ಎಂದು ಹೆದರಿಕೆಯಾಗುತ್ತಿತ್ತು.

ಒಂದು ದಿನ ಅವರ ಹೆಂಡತಿ ಫಾತಿಮಾಬಿ ಮಧುಗಿರಿಗೆ ಬರುವವರೊಬ್ಬರ ಕೈಲಿ ಹೇಳಿಕಳಿಸಿದರು. ಸಾಹೇಬರ ಬ್ಯಾಟರಿ ಮುಗಿಯುತ್ತಿದೆಯಂತೆ, ಇನ್ನೊಂದು ಆಪರೇಷನ್ ಮಾಡಿಸಿಕೊಳ್ಳಲು ಒಪ್ಪುತ್ತಿಲ್ಲವಂತೆ, ಕೇಳಿದರೆ ‘ಆಮೇಲೆ ನೋಡಾಣ’ ಎಂದು ಮಾತು ತಿರುಗಿಸುತ್ತಾರಂತೆ, ಕೋರ್ಟ್ ಸಾಬ್ ಬಂದು ಒಪ್ಪಿಸಬೇಕಂತೆ. ನನಗೆ ಹೆಮ್ಮೆಯಾಯಿತು. ಅಷ್ಟು ವರ್ಷ ವಕೀಲರ ವಾದ ಕೇಳಿದ್ದವನಿಗೆ ವಾದ ಮಾಡುವ ಅವಕಾಶ ಒದಗಿದ್ದು ಅದೇ ಮೊದಲು. ಬಸ್ಸಿನಲ್ಲಿ ಅಂಶ ಅಂಶವಾಗಿ ಜೋಡಿಸಿಕೊಂಡೆ. ಜೀವ ದೇವರ ಕೊಡುಗೆ, ಅದನ್ನು ಕಾಯುವುದು ಕರ್ತವ್ಯ, ಹೀಗೆ.

ಅವರ ಮನೆ ಮಂಡಿಯ ಮಹಡಿಯ ಮೇಲೆ. ಆ ಮೆಟ್ಟಿಲನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೇಲೆ ಮುಟ್ಟಿದಾಗ ನನ್ನ ಬಾಯಲ್ಲಿ ಉಸಿರಿಗೇ ಜಾಗವಿರಲಿಲ್ಲ, ಇನ್ನು ವಾದಕ್ಕೆಲ್ಲಿ? ಸಾಹೇಬರು ಕಿಟಕಿಯ ಪಕ್ಕ ಮೂರು ದಿಂಬಿಗೆ ಒರಗಿ ಕೂತಿದ್ದರು. ಮಾತಾಡಬೇಡಿ ಎಂದು ಕೈಯಲ್ಲೇ ಹೇಳಿದರು. ಅವರಿಗೂ ಮಾತಾಡಲು ಆಗುತ್ತಿರಲಿಲ್ಲ. ಇಬ್ಬರೂ ಎದುರುಬದುರು ಕೂತು ಏದುಸಿರು ಬಿಟ್ಟೆವು. ಆಮೇಲೆ ನಡೆದ ವಾದ ಕಂತು ಕಂತಿನದು. ನಾನು, ‘ಜೀವ ಅನ್ನೋದು...’ ಎಂದು ನಿಲ್ಲಿಸಿ ಉಸಿರೆಳೆದುಕೊಂಡೆ. ಅವರು, ‘ಗೊತ್ತು...’ ಎಂದು ಉಸಿರೆಳೆದುಕೊಂಡರು. ‘ದೇವರ...’ ಎಂದೆ. ‘ಅದೂ ಗೊತ್ತು’ ಎಂದರು. ಇಬ್ಬರಿಗೂ ನಗು ಬಂತು. ನಗಲು ಇನ್ನಷ್ಟು ಉಸಿರು ಬೇಕಾಗುತ್ತದೆ. ಸಾಯುವುದಾದರೆ ಆವತ್ತೇ ಇಬ್ಬರೂ ಒಟ್ಟಿಗೆ ಸಾಯಬೇಕಿತ್ತು.

ಸುಧಾರಿಸಿಕೊಂಡ ಮೇಲೆ ಅವರು ಹೇಳಿದರು: ‘ಕೋರ್ಟ್ ಸಾಬ್, ಡಾಕ್ಟ್ರು ನಂಗೆ ಮರೆಮಾಚದೆ ಹೇಳಿದಾರೆ. ಹೊಸ ಮಿಷನ್ ಹಾಕಿದ್ರೂ ಹಾಸಿಗೆ ಬಿಟ್ಟು ಏಳೋದು ಕಷ್ಟ ಅಂದ್ರು. ದಿಲ್ ಪೂರಾ ಸೋತೋಗಿದೆ ಅಂದ್ರು. ಮಲಗೋದೇ ಆದ್ರೆ ಬೆಂಗಳೂರಲ್ಲಿ ಯಾಕೆ ಮಲಗ್ಲಿ? ಇಲ್ಲಿ ಮಲಗಿದ್ರೆ ಈ ಕಿಟಕೀಲಿ ಮಂಡಿ ಕಾಣ್ತದೆ. ಗಾಡಿ ಬರೋದು, ಮೂಟೆ ಇಳಿಸೋದು ಕಾಣ್ತದೆ. ಮಸೀದಿ ಬಾಂಗ್ ಕೇಳ್ತದೆ. ಫಾತಿಮಾ ಬಯ್ಯೋದು ಕೇಳ್ತದೆ. ಬಸ್, ನಂಗೆ ಇಷ್ಟು ಸಾಕು.’

ಜೋಡಿಸಿಕೊಂಡು ಹೋಗಿದ್ದ ಅಂಶಗಳನ್ನು ಅಲ್ಲೇ ಬಿಟ್ಟೆ. ‘ಭಯ ಆಗಲ್ವಾ ಸಾಹೇಬ್ರೇ?’ ಎಂದೆ.

‘ಅರೆ, ಆಗ್ದೆ ಏನು? ರೋಜೂ ಆಗ್ತದೆ. ಆದ್ರೆ ಆ ಹಸಿರು ಬಟ್ಟೆ ಕೆಳಗೆ ಒಬ್ಬನೇ ಭಯ ಪಡೋದಕ್ಕಿಂತ ಇಲ್ಲಿ ಭಯ ಪಡೋದು ವಾಸಿ.’

ಬಾಗಿಲ ಪರದೆ ಸರಿಯಿತು. ಫಾತಿಮಾಬಿ ಚಹದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. ‘ಇದನ್ನ ನನಗೆ ಯಾಕೆ ಹೇಳ್ಲಿಲ್ಲ ನೀವು?’ ಎಂದು ಗಂಡನನ್ನು ಕೇಳಿದರು. ‘ಆಮೇಲೆ ನೋಡಾಣ, ಆಮೇಲೆ ನೋಡಾಣ! ನಾನು ದುಡ್ಡಿನ ಚಿಂತೆ ಅನ್ಕೊಂಡೆ. ನನ್ನ ಮೇಲೆ ಸಿಟ್ಟು ಅನ್ಕೊಂಡೆ. ಮಧುಗಿರಿಯಿಂದ ಭಾಯಿ ಬರ್ಬೇಕಾಯ್ತಾ ಇದನ್ನ ಬಾಯಿ ಬಿಡೋಕೆ?’ ಸಾಹೇಬರು ಹೆಂಡತಿಯ ಕಡೆ ನೋಡದೆ, ‘ನೀನು ಅಳ್ತೀಯ ಅಂತ’ ಎಂದರು. ‘ಅಳ್ತೀನಿ. ಅತ್ರೆ ಏನಾಯ್ತು?’ ಎಂದು ಅವರು ಚಹ ಕೆಳಗಿಟ್ಟು, ಗಂಡನ ಕಾಲ ಬಳಿ ಕೂತು ಅತ್ತರು. ಅತ್ತು ಮುಗಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಆಯ್ತು. ಇಲ್ಲೇ ಇರಿ’ ಎಂದರು. ಒಪ್ಪಿಸಲು ಹೋದವನು ನಾನು, ಒಪ್ಪಿ ಬಂದೆ. ನನ್ನ ಏಕೈಕ ವಕಾಲತ್ತು ಹೀಗೆ ಮುಗಿಯಿತು.

ಮುಂದಿನ ಕಡಲೆಕಾಯಿ ಸುಗ್ಗಿಯವರೆಗೂ ಸಾಹೇಬರು ಇದ್ದರು. ಮಂಚವನ್ನು ಕಿಟಕಿಗೆ ಅಂಟಿಸಿ ಹಾಕಿಸಿಕೊಂಡಿದ್ದರು. ಫಾತಿಮಾಬಿ ದಿನವೆಲ್ಲ ಪಕ್ಕದಲ್ಲಿ ಕೂತು ಮನಸ್ಸು ಬಂದಾಗೆಲ್ಲ ಬಯ್ಯುತ್ತಿದ್ದರು. ಒಂದು ಬೆಳಿಗ್ಗೆ, ಕೆಳಗೆ ಗಾಡಿಯಿಂದ ಮೂಟೆ ಇಳಿಸುತ್ತಿದ್ದಾಗ, ‘ನೋಡಿ ಇಳ್ಸಿ’ ಎಂದು ಹೇಳುವಂತೆ ಕೈ ಎತ್ತಿದರಂತೆ. ಕೈ ಹಾಗೇ ಹಾಸಿಗೆಯ ಮೇಲೆ ಬಿತ್ತಂತೆ. ಲಕ್ಷ್ಮಮ್ಮನೂ ನಾನೂ ಹೋಗಿದ್ದೆವು. ಫಾತಿಮಾಬಿ ಲಕ್ಷ್ಮಮ್ಮನ ಕೈ ಹಿಡಿದುಕೊಂಡು, ‘ಎಲ್ಲಾ ಮಾತಾಡಿ ಮುಗಿಸಿದ್ವಿ ಅಕ್ಕ, ಏನೂ ಬಾಕಿ ಇಲ್ಲ’ ಎಂದರು. ನಾನು ಪಕ್ಕದಲ್ಲಿದ್ದೆ. ಆ ಮಾತು ನನ್ನ ಕಿವಿಯ ಮೇಲೆ ಬಿತ್ತು, ಒಳಕ್ಕೆ ಇಳಿಯಲಿಲ್ಲ. ನನ್ನ ಒಳಕ್ಕೆ ಇಳಿದದ್ದು ಸಾಹೇಬರ ಧೈರ್ಯ ಮಾತ್ರ. ಎಂಥ ಮನುಷ್ಯ, ಎಂಥ ಮಾತು! ನನ್ನ ಸರದಿ ಬಂದರೆ ನಾನೂ ಹಾಗೇ ಹೇಳಬೇಕು ಎಂದುಕೊಂಡೆ.

ಸರದಿ ಬಂತು. ಹೇಳಿದೆ. ಈ ವಾರವೆಲ್ಲ ಸಿಕ್ಕಸಿಕ್ಕವರಿಗೆ ಹೇಳಿದೆ. ಪಾವಗಡದಿಂದ ನನ್ನ ಅಕ್ಕ ಸುದ್ದಿ ಕೇಳಿ ಓಡಿ ಬಂದವಳು, ‘ಏಮ್ರಾ, ಸಾಯಾಕೆ ಅಷ್ಟೊಂದು ಅರ್ಜೆಂಟಾ ನಿಂಗೆ?’ ಎಂದು ಬಾಗಿಲಲ್ಲೇ ಕೂಗಾಡಿದರೂ, ಭಾಷಣ ಕೇಳಿದ ಮೇಲೆ ಮೆತ್ತಗಾಗಿ, ‘ನಮ್ಮಪ್ಪನಂಗೇ ಆಗವ್ನೆ’ ಎಂದು ಕಣ್ಣೊರೆಸಿಕೊಂಡು ಊರಿಗೆ ಹೋದಳು. ನಮ್ಮಪ್ಪ ಹಲ್ಲು ಕೀಳಿಸಲು ಹೆದರಿ ವರ್ಷಗಟ್ಟಲೆ ಕೆನ್ನೆ ಹಿಡಿದುಕೊಂಡು ಓಡಾಡಿದವನು. ಆದ್ದರಿಂದ ಹೋಲಿಕೆ ಸರಿಯಾಗಿಯೇ ಇತ್ತು, ಅವಳಿಗೆ ತಿಳಿಯಲಿಲ್ಲ. ಲಕ್ಷ್ಮಮ್ಮ ಮಾತ್ರ ವಾರದಿಂದ ಏನೂ ಹೇಳಿರಲಿಲ್ಲ.

ಇವತ್ತು ನಾನು ಜಗಲಿಯಲ್ಲಿ ಕೂತು ಕಾಲು ಒತ್ತಿ ನೋಡಿಕೊಳ್ಳುತ್ತಿದ್ದಾಗ ಅವಳು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಇನ್ನೊಂದು ಕಾಲನ್ನು ತಾನು ಒತ್ತಿ ನೋಡಿದಳು. ನಾನು ಗಂಟಲು ಸರಿಮಾಡಿಕೊಂಡೆ.

‘ಬಿಡು ಲಕ್ಷ್ಮೀ. ಮಲಗೋದೇ ಆದ್ರೆ ಬೆಂಗಳೂರಲ್ಲಿ ಯಾಕೆ ಮಲಗ್ಬೇಕು? ಇಲ್ಲಿ ಮಲಗಿದ್ರೆ ಕಿಟಕೀಲಿ ಬೆಟ್ಟ ಕಾಣ್ತದೆ...’

‘ಯಾವ ಕಿಟಕೀಲಿ?’ ಎಂದಳು. ‘ನಮ್ಮನೆ ಕಿಟಕೀಲಿ ಎದುರುಮನೆಯೋರ ಬಚ್ಚಲುಗೋಡೆ ಕಾಣ್ತದೆ.’

ನಾನು ಕಾಲನ್ನು ಹಿಂದಕ್ಕೆಳೆದುಕೊಂಡೆ.

‘ಅದು ಸಾಬ್ರ ಮಾತು ಕಣ್ರೀ. ಅವರ ಬಾಯಲ್ಲಿ ಚೆಂದಾಗಿತ್ತು. ಅವರಿಗೆ ಡಾಕ್ಟ್ರು ಹೇಳಿದ್ದೇ ಬೇರೆ, ನಿಮಗೆ ಹೇಳಿದ್ದೇ ಬೇರೆ. ನಾನೂ ಪಕ್ಕದಲ್ಲೇ ಕೂತಿದ್ನಲ್ಲ? ಹೊಸದು ಹಾಕಿದ್ರೆ ಎದ್ದು ಓಡಾಡ್ಕೊಂಡು ಇರ್ಬೋದು ಅಂದ್ರು. ಆಪರೇಷನ್ನಲ್ಲೇ ಏನಾದ್ರೂ ಆಗ್ಬೋದು ಅಂತಾನೂ ಅಂದ್ರು. ನೀವು ಎರಡನೇದನ್ನ ಮಾತ್ರ ಕೇಳಿಸ್ಕೊಂಡು ಬಂದ್ಬುಟ್ರಿ. ಬ್ಯಾಡ ಅನ್ನೋದಾದ್ರೆ ಬ್ಯಾಡ ಅನ್ನಿ. ನಾನೇನು ಬಲವಂತ ಮಾಡಲ್ಲ. ಆದ್ರೆ ನಿಮ್ ಬಾಯಿಂದ ನಿಮ್ ಮಾತು ಬರ್ಲಿ.’

ನನ್ನ ಮಾತು ಯಾವುದು? ಹುಡುಕಿದೆ. ಕೋರ್ಟಿನ ಮಾತು ಇತ್ತು, ಸಾಹೇಬರ ಮಾತು ಇತ್ತು, ಹರಿಕಥೆಯಲ್ಲಿ ಕೇಳಿದ ಮಾತೂ ಇತ್ತು. ಅವನ್ನೆಲ್ಲ ಆಚೆಗೆ ಸರಿಸಿದರೆ ಅಡಿಯಲ್ಲಿ ಉಳಿದಿದ್ದದ್ದು ಬಹಳ ಸಣ್ಣದು. ಹೇಳಲು ನಾಚಿಕೆಯಾಗುವಷ್ಟು ಸಣ್ಣದು.

‘ಭಯ ಆಗ್ತದೆ ಕಣೇ’ ಎಂದೆ.

‘ಹೂಂ.’

‘ಆ ಬಟ್ಟೆ ಮುಖದ ಮೇಲೆ ಹಾಕ್ತಾರಲ್ಲ, ಅದು. ಆಪರೇಷನ್ ಬೇಡ ಅಂದಿದ್ದು ಅದಕ್ಕೇ. ಸಾಯೋಕೇನೂ ಮನಸ್ಸಿಲ್ಲ. ಒಂದು ಚೂರೂ ಇಲ್ಲ. ಉಪ್ಪಿಲ್ಲದ ಸಾರೇ ಆದ್ರೂ ಸರಿ, ಇನ್ನೊಂದಷ್ಟು ದಿನ ಉಣ್ಬೇಕು ಅನ್ಸುತ್ತೆ.’

ಅವಳು ನನ್ನ ಮುಖ ನೋಡಿದಳು. ಪಾದ ಬಿಟ್ಟು ಮುಖ. ‘ಇಷ್ಟು ಹೇಳೋಕೆ ಒಂದ್ ವಾರ ಬೇಕಾಯ್ತಾ? ಪಾಪ, ನಿಮ್ಮಕ್ಕನ್ನ ಬೇರೆ ಪಾವಗಡದಿಂದ ಓಡಾಡಿಸಿದ್ರಿ’ ಎಂದು ಎದ್ದಳು. ಎದ್ದವಳು ಒಂದು ಗಳಿಗೆ ನನ್ನ ತಲೆಯ ಮೇಲೆ ಕೈಯಿಟ್ಟಳು. ‘ನಂಗೂ ಭಯಾನೇ. ಹೋಗಾಣ ನಡೀರಿ’ ಎಂದಳು.

ಅವಳು ಒಳಗೆ ಹೋದ ಮೇಲೆ, ಮೊನ್ನೆ ನನ್ನ ಕೈ ಹಿಡಿದುಕೊಂಡಿದ್ದ ವಕೀಲರು ಸೈಕಲ್ಲಿನಲ್ಲಿ ಕೋರ್ಟಿಗೆ ಹೊರಟವರು ನನ್ನನ್ನು ಕಂಡು ಒಂದು ಕಾಲು ನೆಲಕ್ಕೂರಿ ನಿಂತರು. ‘ಸಾರ್, ಮೊನ್ನೆ ನೀವು ಹೇಳಿದ್ದನ್ನ ನಮ್ಮ ಮನೇಲೆಲ್ಲ ಹೇಳ್ದೆ. ಇನ್ನೊಂದ್ಸಲ ಹೇಳಿ ಸಾರ್, ಕೊನೆಯದೊಂದು ಮಾತು ಮರೆತೋಯ್ತು’ ಎಂದರು.

‘ಅದು ನನಗೂ ಮರೆತುಹೋಯ್ತು ಸ್ವಾಮಿ. ಆಪರೇಷನ್ ಮಾಡಿಸ್ಕೋತಾ ಇದೀನಿ’ ಎಂದೆ.

‘ಓ’ ಎಂದರು. ಅವರ ಮುಖದಲ್ಲಿ ನಾನು ಮಾಮೂಲಿ ಮನುಷ್ಯನ ಎತ್ತರಕ್ಕೆ ಇಳಿದದ್ದು ಸ್ಪಷ್ಟವಾಗಿ ಕಂಡಿತು. ಒಳ್ಳೆಯದಾಗಲಿ ಎಂದು ಹೇಳಿ, ಪೆಡಲು ತುಳಿದುಕೊಂಡು ಹೋದರು. ಬಿಸಿಲು ಜಗಲಿಗೆ ಏರುತ್ತಿತ್ತು. ಒಳಗೆ ಲಕ್ಷ್ಮಮ್ಮ ಟ್ರಂಕು ತೆಗೆದು ಬೆಂಗಳೂರಿಗೆ ಬಟ್ಟೆ ಮಡಿಸುತ್ತಾ, ನನ್ನದೊಂದು ಬನಿಯನ್ನಿನಲ್ಲಿ ತೂತು ಕಂಡಿರಬೇಕು, ಡಾಕ್ಟರ ಮುಂದೆ ಮಾನ ಕಳೆಯುತ್ತೇನೆಂದು ನನ್ನನ್ನು ಜೋರಾಗಿ ಬಯ್ಯತೊಡಗಿದಳು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳಿದೆ. ವಾರದ ಮೇಲೆ ಮನೆಯಲ್ಲಿ ಅವಳು ಬಯ್ಯುವ ದನಿ.